ಹತ್ತೊಂಬತ್ತು ಕೋಳಿ, ಇಪ್ಪತ್ತನಾಲ್ಕು ಅಡಿ

ಸೌತ್ ಸಿ, ನೈರೋಬಿ
9 ಫೆಬ್ರುವರಿ 1986

ಪ್ರೀತಿಯ ಜಯಕ್ಕ,

ಈ ಸಲ ನಮ್ಮ ಸುಖದುಃಖಕ್ಕಿಂತ ಮೊದಲು ಕೋಳಿಗಳ ವಿಷಯ ಬರೆಯುತ್ತಿದ್ದೇನೆ, ನಗಬೇಡ. ಬೆಳ್ಮಣ್ಣಿನಲ್ಲಿ ಕೂತು ಇನ್ನೂರು ಕೋಳಿ ಸಾಕುವ ನಿನ್ನನ್ನು ಬಿಟ್ಟರೆ ಕೇಳಲು ನನಗೆ ಯಾರೂ ಇಲ್ಲ.

ನಮ್ಮ ಹಿತ್ತಿಲಲ್ಲಿ ಒಂಬತ್ತು ಊರಕೋಳಿಗಳಿದ್ದದ್ದು ನಿನಗೆ ಗೊತ್ತು. ಇಷ್ಟು ವರ್ಷ ಅವು ಹಗಲಿಡೀ ಸುತ್ತಾಡಿ, ಬೆಳಕು ಇಳಿಯುವಾಗ ತಾವಾಗಿ ಗೂಡು ಸೇರುತ್ತಿದ್ದವು. ಕ್ರಿಸ್ಮಸ್ ಹೊತ್ತಿಗೆ ಎರಡು ಸಂಗತಿ ಒಟ್ಟಿಗೆ ಬಂತು. ನಮ್ಮ ಕೋಳಿಗಳು ಪಕ್ಕದ ಮನೆಯ ಸೊಪ್ಪಿನ ಮಡಿಯನ್ನೆಲ್ಲ ಕೆದಕಿ ಹಾಕಿದವು. ಇನ್ನೊಮ್ಮೆ ಬೇಲಿ ದಾಟಿದರೆ ಸಿಟಿ ಕೌನ್ಸಿಲಿಗೆ ದೂರು ಕೊಡುತ್ತೇವೆ ಎಂದರು ಅವರು. ಅದೇ ವಾರ ಇವರ ಶಾಲೆಯ ನಿಕೋಲಸ್ ಮಾಸ್ತರರು ಕೆಲಸ ಬಿಟ್ಟು ಮಂಗಳೂರಿಗೆ ಹೊರಟವರು, ತಮ್ಮ ಹತ್ತು ಬಿಳಿ ಕೋಳಿಗಳನ್ನು ನಮಗೆ ದಾಟಿಸಿ ಹೋದರು. ಬೇಡ ಎನ್ನಲು ಇವರಿಗೆ ಬಾಯಿ ಬರಲಿಲ್ಲ. ಎಲ್ಲವನ್ನೂ ಹಳೆಯ ಗೂಡಿಗೇ ಹಾಕಿ ಅಗುಳಿ ಜಡಿದೆವು. ಬೇಲಿಯ ತಂಟೆಯೂ ಮುಗಿಯಿತು ಅಂದುಕೊಂಡೆ.

ಒಂದು ತಿಂಗಳಿಂದ ಒಳಗೆ ಯುದ್ಧ. ಬಿಳಿಯವು ಕೆಂಪಿನವನ್ನು ಮೂಲೆಗೆ ಒತ್ತಿ ಕುಕ್ಕುತ್ತವೆ, ಕೆಂಪಿನವು ತಿರುಗಿ ಬೀಳುತ್ತವೆ. ಒಂದರ ಬೆನ್ನಿನ ಮೇಲೆ ಒಂದು ಗರಿಯೂ ಉಳಿದಿಲ್ಲ. ಮೊನ್ನೆ ಒಂದು ಸತ್ತಿತು. ಅದರ ಹಿಂಭಾಗವನ್ನು ನೋಡಲಾಗಲಿಲ್ಲ ನನಗೆ, ಮನೆಗೆಲಸದ ಮುಯೇನಿಯೇ ಹೊತ್ತು ಹೋಗಿ ಹೂತಳು. ಹೆಗ್ಗಣ ಇರಬೇಕು ಎಂದು ಇವರು ಬೋನು ತಂದಿಟ್ಟಿದ್ದಾರೆ. ಬೋನು ಖಾಲಿ.

ಮೊಟ್ಟೆಯೂ ಕಡಿಮೆಯಾಗಿದೆ. ಇನ್ನೂ ಹದಿನೆಂಟು ಕೋಳಿಗಳಿದ್ದರೂ ಬುಟ್ಟಿಗೆ ಬರುವುದು ಎರಡೋ ಮೂರೋ. ಅದಕ್ಕೆ ಕಾರಣ ಬೇರೆಯೇ ಇದ್ದೀತು ಎಂದು ನನಗೆ ಅನುಮಾನ. ಅದನ್ನು ಕಾಗದದಲ್ಲಿ ಬರೆಯುವುದು ಬೇಡ.

ಪ್ರಮೀಳಾಗೆ ಹದಿನಾಲ್ಕು ತುಂಬಿತು. ನಾನು ಕನ್ನಡದಲ್ಲಿ ಕೇಳಿದರೆ ಮಗಳದ್ದು ಇಂಗ್ಲಿಷಿನಲ್ಲಿ ಉತ್ತರ. ಮುಯೇನಿಯ ಜೊತೆ ಮಾತ್ರ ಗಂಟೆಗಟ್ಟಲೆ ಸ್ವಾಹಿಲಿಯಲ್ಲಿ ಹರಟುತ್ತಾಳೆ. ಮೂರು ವರ್ಷದ ಮಗುವಿನಿಂದ ಎತ್ತಿ ಆಡಿಸಿದವಳಲ್ಲವೇ, ನನಗಿಂತ ಅವಳೇ ಹತ್ತಿರ.

ಬೇಗ ಬರೆ. ಕೋಳಿಗೆ ಏನಾದರೂ ಔಷಧ ಇದ್ದರೆ ಹೇಳು.

ನಿನ್ನ
ಕಮಲಾಕ್ಷಿ


ಬೆಳ್ಮಣ್
27 ಫೆಬ್ರುವರಿ 1986

ಕಮಲಾ,

ನಿನ್ನ ಕಾಗದ ನಿನ್ನೆ ಸಂಜೆ ಕೈಗೆ ಸಿಕ್ಕಿತು. ಔಷಧ ಏನೂ ಬೇಡ ಮಾರಾಯ್ತಿ, ಜಾಗ ಬೇಕು.

ನಾನು ಅಲ್ಲಿಗೆ ಬಂದಿದ್ದಾಗ ನೋಡಿದ ಗೂಡೇ ಅಲ್ವಾ ಅದು? ಆರು ಅಡಿ ಉದ್ದ, ನಾಲ್ಕು ಅಡಿ ಅಗಲ. ಇಪ್ಪತ್ತನಾಲ್ಕು ಚದರ ಅಡಿ ಆಯಿತು. ಒಂದು ಕೋಳಿಗೆ ಗೂಡಿನೊಳಗೆ ನಾಲ್ಕು ಅಡಿಯಾದರೂ ಬೇಕು, ಹೊರಗೆ ಓಡಾಡಲು ಹತ್ತು. ಅಲ್ಲಿಗೆ ನಿನ್ನ ಗೂಡು ಆರು ಕೋಳಿಯದ್ದು. ಮೊದಲಿನ ಒಂಬತ್ತು ಹೇಗೋ ನಡೆಯಿತು, ಯಾಕೆಂದರೆ ಅವು ಹಗಲೆಲ್ಲ ಹೊರಗಿದ್ದವು. ಈಗ ಹತ್ತೊಂಬತ್ತನ್ನು ಹಗಲೂ ಇರುಳೂ ಅದರಲ್ಲಿ ತುಂಬಿದ್ದೀ. ಕೋಳಿಗಳಲ್ಲಿ ಮೇಲಿನವು ಕೆಳಗಿನವು ಎಂದು ಉಂಟು. ಮೇಲಿನದು ಕುಕ್ಕಲು ಬಂದಾಗ ಕೆಳಗಿನದಕ್ಕೆ ನಾಲ್ಕು ಹೆಜ್ಜೆ ಓಡಲು ಜಾಗ ಇದ್ದರೆ ಜಗಳ ಅಲ್ಲಿಗೇ ಮುಗಿಯುತ್ತದೆ. ಓಡಲು ಜಾಗ ಇಲ್ಲದಿದ್ದರೆ ಕುಕ್ಕುವುದು ನಿಲ್ಲುವುದಿಲ್ಲ. ರಕ್ತ ಕಂಡಿತೋ, ಉಳಿದವೂ ಸೇರುತ್ತವೆ. ಆ ಸತ್ತ ಕೋಳಿಯನ್ನು ತಿಂದದ್ದು ಹೆಗ್ಗಣ ಅಲ್ಲ. ಅದರ ಜೊತೆಯವೇ.

ಮೊದಲು ಗಾಯದವನ್ನು ಬೇರೆ ಮಾಡಿ ಬೇವಿನೆಣ್ಣೆಗೆ ಅರಿಶಿನ ಕಲಸಿ ಹಚ್ಚು. ಹೊಸ ಕೋಳಿಗಳನ್ನು ಹಳೆಯವುಗಳ ನಡುವೆ ಒಮ್ಮೆಲೇ ಬಿಡಬಾರದಿತ್ತು. ನಡುವೆ ಜಾಲರಿ ಕಟ್ಟಿ ಎರಡು ವಾರ ಒಂದನ್ನೊಂದು ನೋಡಿಕೊಳ್ಳಲಿ. ಕಾಳು, ನೀರು ಎರಡು ಕಡೆ ಇಡು, ದೂರ ದೂರ. ಕೂರುವ ಕೋಲಿನಲ್ಲಿ ಒಂದೊಂದಕ್ಕೆ ಒಂದು ಗೇಣು ಇರಲಿ. ಸೊಪ್ಪಿನ ಕಟ್ಟೊಂದನ್ನು ಎತ್ತರಕ್ಕೆ ತೂಗುಹಾಕು, ಅದನ್ನು ಎಗರಿ ಎಗರಿ ತಿನ್ನುತ್ತಾ ಹೊತ್ತು ಹೋಗುತ್ತದೆ. ಮತ್ತೆ ಹಿತ್ತಿಲಿಗೆ ಎತ್ತರದ ಬೇಲಿ ಹಾಕಿಸಿ ಹೊರಗೆ ಬಿಡು. ಜಾಗ ಸಾಲದಿದ್ದರೆ ಅರ್ಧ ಕೋಳಿಗಳನ್ನು ಯಾರಿಗಾದರೂ ಕೊಡು. ನಿನ್ನ ಗಂಡ ಅನಂತರಿಗೆ ಬೇಡ ಎನ್ನಲು ಬಾಯಿ ಬರದಿದ್ದರೆ ಕೊಡಲಾದರೂ ಕೈ ಬರಲಿ.

ಮೊಟ್ಟೆಯ ವಿಷಯ. ಏನೋ ಅನುಮಾನ ಎಂದು ಬರೆದು ಅಲ್ಲಿಗೇ ಬಿಟ್ಟಿದ್ದೀ. ನನಗೆ ಅನುಮಾನ ಇಲ್ಲ. ಇಕ್ಕಟ್ಟಿನಲ್ಲಿ ಇಟ್ಟ ಮೊಟ್ಟೆ ಕಾಲಿಗೆ ಸಿಕ್ಕಿ ಒಡೆಯುತ್ತದೆ, ಒಮ್ಮೆ ರುಚಿ ಹತ್ತಿದರೆ ಕೋಳಿಗಳೇ ಒಡೆದು ತಿನ್ನುತ್ತವೆ, ಚಿಪ್ಪೂ ಬಿಡುವುದಿಲ್ಲ. ಬೆಳಿಗ್ಗೆ ಒಂಬತ್ತು ಗಂಟೆಗೆ ಬಗ್ಗಿ ಒಳಗೆ ನೋಡು. ಕೊಕ್ಕಿನಲ್ಲಿ ಹಳದಿ ಒಣಗಿರುತ್ತದೆ, ಹುಲ್ಲು ಅಂಟಂಟಾಗಿರುತ್ತದೆ. ಬೇರೆ ಯಾರನ್ನೂ ಹುಡುಕಬೇಡ.

ಮುಯೇನಿಗೆ ನನ್ನ ನೆನಪು ಹೇಳು. ನನ್ನ ಕಾಲು ಉಳುಕಿದಾಗ ಎಣ್ಣೆ ತಿಕ್ಕಿದ ಕೈ ಅವಳದು.

ಜಯಲಕ್ಷ್ಮಿ


ಸೌತ್ ಸಿ
2 ಮಾರ್ಚ್ 1986

ಜಯಕ್ಕ,

ನಿನ್ನ ಕಾಗದ ಇನ್ನೂ ಬಂದಿಲ್ಲ. ಬರುವ ಮೊದಲೇ ಇದನ್ನು ಗೀಚುತ್ತಿದ್ದೇನೆ, ಸಣ್ಣ ಕಾಗದ ಎಂದು ಬೇಸರಿಸಬೇಡ. ಮುಯೇನಿ ಕೆಲಸ ಬಿಟ್ಟು ಹೋದಳು. ಮನೆಯ ಕೆಲಸ, ಹಿತ್ತಿಲು, ಬಟ್ಟೆ ಎಲ್ಲ ನನ್ನ ತಲೆಯ ಮೇಲೆ. ಹೊಸಬರನ್ನು ಹುಡುಕುತ್ತಿದ್ದೇವೆ. ಇನ್ನೂ ಎರಡು ಕೋಳಿ ಸತ್ತವು.

ಪ್ರಮೀಳಾಗೆ ಪರೀಕ್ಷೆಯೋ ಏನೋ, ಊಟಕ್ಕೂ ಕೋಣೆಯಿಂದ ಹೊರಗೆ ಬರುವುದಿಲ್ಲ. ಉಳಿದಂತೆ ಕ್ಷೇಮ.

ಕಮಲಾಕ್ಷಿ


ಸೌತ್ ಸಿ
27 ಮಾರ್ಚ್ 1986

ಪ್ರೀತಿಯ ಅಕ್ಕ,

ಫೆಬ್ರುವರಿ ಇಪ್ಪತ್ತೇಳರ ನಿನ್ನ ಕಾಗದ ಹೋದ ವಾರ ಸೋಮವಾರ ಬಂತು. ಮರುದಿನ ಬೆಳಿಗ್ಗೆಯೇ ನೀನು ಹೇಳಿದ ಹಾಗೆ ಬಗ್ಗಿ ನೋಡಿದೆ. ಎಲ್ಲ ನೀನು ಹೇಳಿದಂತೆಯೇ.

ಅದೇ ದಿನ ಬಡಗಿಯನ್ನು ಕರೆಸಿದೆವು. ಹಿತ್ತಿಲಿನ ಉದ್ದಕ್ಕೂ ಆಳೆತ್ತರದ ಜಾಲರಿ ಹಾಕಿಸಿ, ಗೂಡಿನ ಬಾಗಿಲು ತೆರೆದುಬಿಟ್ಟೆವು. ಮೊದಲ ದಿನ ಅವು ಹೊರಗೆ ಬರಲೇ ಇಲ್ಲ. ಹೊಸ್ತಿಲಲ್ಲಿ ನಿಂತು ಕತ್ತು ಚಾಚಿ ನೋಡಿ ಮತ್ತೆ ಒಳಗೆ. ಮರುದಿನ ಒಂದು ಕೆಂಪು ಕೋಳಿ ಇಳಿಯಿತು, ಆಮೇಲೆ ಎಲ್ಲವೂ. ಬಿಳಿಯವುಗಳಲ್ಲಿ ಆರನ್ನು ಸ್ಪ್ರಿಂಗ್ ವ್ಯಾಲಿಯ ಒಬ್ಬ ಡಾಕ್ಟರರ ಮನೆಗೆ ಕೊಟ್ಟೆವು, ಅವರದು ದೊಡ್ಡ ತೋಟ. ಈಗ ಹತ್ತು ಉಳಿದಿವೆ. ಕುಕ್ಕಾಟ ಪೂರ್ತಿ ನಿಂತಿಲ್ಲ, ಆದರೆ ಒಂದು ಅಟ್ಟಿಸಿದರೆ ಇನ್ನೊಂದು ಕರಿಬೇವಿನ ಗಿಡದ ಹಿಂದೆ ಓಡಿ ನಿಲ್ಲುತ್ತದೆ, ಅಲ್ಲಿಗೆ ಮುಗಿಯುತ್ತದೆ. ಬೆನ್ನು ಬೋಳಾದ ಕೋಳಿಗೆ ಸಣ್ಣ ಗರಿ ಮೊಳೆಯುತ್ತಿದೆ. ನಿನ್ನೆ ಐದು ಮೊಟ್ಟೆ ಸಿಕ್ಕಿತು.

ನಿನಗೆ ಎಷ್ಟು ಹೇಳಿದರೂ ಸಾಲದು. ಭಾವನಿಗೆ ನಮಸ್ಕಾರ ತಿಳಿಸು.

ನಿನ್ನ
ಕಮಲಾಕ್ಷಿ


ಬೆಳ್ಮಣ್
10 ಏಪ್ರಿಲ್ 1986

ಕಮಲಾ,

ನಿನ್ನ ಎರಡೂ ಕಾಗದಗಳನ್ನು ಪಕ್ಕಪಕ್ಕ ಇಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಕೋಳಿಗಳು ಚೆನ್ನಾಗಿವೆ, ಸಂತೋಷ.

ಒಂದರಲ್ಲಿ, ಮುಯೇನಿ ಕೆಲಸ ಬಿಟ್ಟು ಹೋದಳು ಎಂದು ಒಂದೇ ಸಾಲು. ಇನ್ನೊಂದರಲ್ಲಿ ಅವಳ ಹೆಸರೇ ಇಲ್ಲ. ಹನ್ನೊಂದು ವರ್ಷ ಮನೆಯಲ್ಲಿದ್ದವಳು ಯಾಕೆ ಹೋದಳು, ಎಲ್ಲಿಗೆ ಹೋದಳು ಎಂದು ಬರೆಯಲು ನಿನಗೆ ಜಾಗ ಸಾಲದೇ ಹೋಯಿತಾ? ಬೋಳು ಕೋಳಿಗೆ ಗರಿ ಬಂದದ್ದನ್ನು ಬರೆದಿದ್ದೀಯಲ್ಲ.

ಚಿಕ್ಕಂದಿನಲ್ಲಿ ನೀನು ಏನಾದರೂ ಮುರಿದರೆ, ಅದರ ಬಗ್ಗೆ ಬಿಟ್ಟು ಊರಿನದ್ದೆಲ್ಲ ಹೇಳುತ್ತಿದ್ದೆ. ನಿನ್ನ ಮೊದಲ ಕಾಗದದ ಆ ಅನುಮಾನ ಯಾರ ಮೇಲೆ ಇತ್ತು ಎಂದು ನಾನು ಆಗಲೇ ಕೇಳಬೇಕಿತ್ತು. ಈಗ ಕೇಳುತ್ತೇನೆ. ಇದ್ದದ್ದನ್ನು ಇದ್ದ ಹಾಗೆ ಬರೆ.

ಜಯಲಕ್ಷ್ಮಿ


ಸೌತ್ ಸಿ
4 ಮೇ 1986

ಅಕ್ಕ,

ನಿನ್ನ ಕಾಗದ ಬಂದು ಹತ್ತು ದಿನವಾಯಿತು. ನಾಲ್ಕು ಸಲ ಬರೆದು ಹರಿದೆ.

ಮುಯೇನಿ ಬಿಟ್ಟು ಹೋಗಲಿಲ್ಲ. ನಾನು ಕಳಿಸಿದೆ. ಮೊಟ್ಟೆ ಕದ್ದಳೆಂದು ಕಳಿಸಿದೆ.

ಜನವರಿಯಲ್ಲಿ ಅವಳ ಮಗಳು ಮುತಿಂದಿ ಊರಿನಿಂದ ಬಂದಿದ್ದಳು. ಪ್ರಮೀಳಾಳದೇ ವಯಸ್ಸು. ಇಲ್ಲಿ ಒಂದು ಹೈಸ್ಕೂಲಿನಲ್ಲಿ ಸೀಟು ಸಿಕ್ಕಿತ್ತು, ಅಮ್ಮನ ಜೊತೆ ಹಿಂದಿನ ಕೋಣೆಯಲ್ಲಿ ಇರಲೇ ಎಂದು ಮುಯೇನಿ ಕೇಳಿದಳು. ನಾನು ಹೂಂ ಎಂದೆ, ಆದರೆ ಮನಸ್ಸಿನಿಂದ ಅಲ್ಲ. ಆ ಕೋಣೆಯಲ್ಲಿ ಒಂದು ಮಂಚ ಹಾಕಿದರೆ ಕಾಲಿಡಲು ಜಾಗವಿಲ್ಲ. ಆ ಹುಡುಗಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಓದುತ್ತಿದ್ದಳು. ಅದನ್ನು ನೋಡಿದಾಗಲೆಲ್ಲ ನನಗೆ ಯಾಕೋ ಸಿಡುಕು. ನನ್ನದೇ ಹಿತ್ತಿಲಲ್ಲಿ ಯಾರೋ ನನ್ನ ತಪ್ಪು ಹಿಡಿದ ಹಾಗೆ.

ಫೆಬ್ರುವರಿಯ ಮೊದಲಲ್ಲಿ ಒಂದು ದಿನ ಮುಯೇನಿ ಅಡುಗೆಮನೆಯ ಬಾಗಿಲಿಗೆ ಬಂದು ಹೇಳಿದಳು: “ನ್ಯುಂಬಾ ನಿ ನ್ಡೊಗೊ, ಮಾಮಾ ಪ್ರಮೀಳಾ.” ಮನೆ ಚಿಕ್ಕದು, ಪ್ರಮೀಳಾಳ ಅಮ್ಮ, ಎಂದು. ಮಗಳನ್ನು ತಂದು ಇಟ್ಟುಕೊಂಡು ಈಗ ಕೋಣೆ ಚಿಕ್ಕದೆಂದು ದೂರುತ್ತಾಳಲ್ಲ ಎಂದು ನನಗೆ ಉರಿದುಹೋಯಿತು. ಚಿಕ್ಕದಾದರೆ ದೊಡ್ಡದು ಎಲ್ಲಿದೆಯೋ ಅಲ್ಲಿಗೆ ಹೋಗು ಎಂದೆ. ಅವಳು ಹಿತ್ತಿಲಿಗೆ ಹೋದಳು. ಅವಳು ಆಗಷ್ಟೇ ಕೋಳಿಗೂಡು ಗುಡಿಸಿ ಬಂದಿದ್ದಳು, ಅಕ್ಕ. ಕೈಯಲ್ಲಿ ಪೊರಕೆ ಇತ್ತು, ತೋಳಿನ ಮೇಲೆ ಗರಿ ಅಂಟಿತ್ತು. ಅದನ್ನು ನಾನು ಕಂಡಿದ್ದೆ. ನಿನ್ನ ಕಾಗದ ಓದಿದ ಮೇಲೆ ಅದು ನೆನಪಾಯಿತು. ಅವಳು ಹೇಳಿದ್ದು ಕೋಳಿಗಳ ಮನೆಯ ಮಾತು.

ಮಾರ್ಚ್ ಒಂದರಂದು, ಶನಿವಾರ, ಬುಟ್ಟಿಯಲ್ಲಿ ಒಂದೇ ಮೊಟ್ಟೆ. ನಾನು ಹಿಂದಿನ ಕೋಣೆಯ ಕಸದ ಬುಟ್ಟಿ ನೋಡಿದೆ. ಮೊಟ್ಟೆಚಿಪ್ಪು ಇತ್ತು. ಇಬ್ಬರು ಹುಡುಗಿಯರ ಎದುರಿಗೇ ಅವಳನ್ನು ಕರೆದು ಮೊಟ್ಟೆ ಎಲ್ಲಿಟ್ಟೆ ಎಂದು ಕೇಳಿದೆ. ಅವಳು ಗೂಡಿನ ಕಡೆ ನೋಡಿದಳು, ನನ್ನ ಮುಖ ನೋಡಿದಳು. ಏಪ್ರನ್ ಬಿಚ್ಚಿ ನಾಲ್ಕು ಮಡಿಕೆ ಮಾಡಿ ಒಗೆಯುವ ಕಲ್ಲಿನ ಮೇಲಿಟ್ಟಳು. ಸುಮ್ಮನಿದ್ದದ್ದನ್ನೇ ನಾನು ಒಪ್ಪಿಗೆ ಎಂದುಕೊಂಡೆ. ಮಧ್ಯಾಹ್ನದ ಒಳಗೆ ತಾಯಿ ಮಗಳು ಹೊರಟುಹೋದರು. ಒಡೆದ ಮೊಟ್ಟೆಯನ್ನು ನೀನೇ ತಗೋ ಎಂದು ಎಷ್ಟೋ ವರ್ಷದ ಹಿಂದೆ ಅವಳಿಗೆ ಹೇಳಿದ್ದವಳು ನಾನೇ. ಅದೂ ಆಮೇಲೆಯೇ ನೆನಪಾಯಿತು.

ಇನ್ನೊಂದು ಇದೆ. ಲಂಗಾಟಾದ ಹೆಲನ್ ಬಾಯಿ, ನರ್ಸ್, ನಿನಗೆ ಅವರ ಪರಿಚಯವಿದೆ. ಮುಯೇನಿ ಕೆಲಸ ಕೇಳಿಕೊಂಡು ಬಂದಿದ್ದಾಳೆ, ಹೇಗೆ ಎಂದು ಮಾರ್ಚ್ ಮೊದಲ ವಾರ ಫೋನ್ ಮಾಡಿದರು. ಕೈ ಶುದ್ಧವಿಲ್ಲ ಎಂದೆ.

ಕೋಳಿಗಳ ಬಗ್ಗೆ ಬರೆದ ನಿನ್ನ ಕಾಗದ ಬಂದ ಮೇಲೆ ಏಳು ವಾರ ಸುಮ್ಮನಿದ್ದೆ. ಬೇಲಿ ಹಾಕಿಸಿದೆ. ಅಷ್ಟೇ ಮಾಡಿದ್ದು. ಇವರು, ಆದದ್ದು ಆಯಿತು, ಹೊಸಬಳು ಬರುತ್ತಾಳೆ ಎನ್ನುತ್ತಾರೆ. ಪ್ರಮೀಳಾ ನನ್ನೊಡನೆ ಮಾತಾಡುವುದಿಲ್ಲ. ಈಗ ಏನು ಮಾಡಲಿ?

ಕಮಲಾ


ಬೆಳ್ಮಣ್
22 ಮೇ 1986

ಕಮಲಾ,

ಏನು ಮಾಡಲಿ ಎಂದು ನನ್ನನ್ನು ಕೇಳಬೇಡ, ನಿನಗೆ ಗೊತ್ತುಂಟು. ಮೊದಲು ಹೆಲನ್ ಬಾಯಿಗೆ ಹೇಳು. ಆಮೇಲೆ ಮುಯೇನಿ ಎಲ್ಲಿದ್ದಾಳೋ ಅಲ್ಲಿಗೆ ಹೋಗು. ವಾಪಸ್ಸು ಕರೆತರಲು ಹೋಗಬೇಡ. ಹೇಳಲು ಹೋಗು. ಬರುತ್ತಾಳೋ ಇಲ್ಲವೋ ಅದು ಅವಳ ಇಷ್ಟ.

ಎರಡೂ ಆಗುವವರೆಗೆ ನನಗೆ ಕಾಗದ ಬರೆಯಬೇಡ. ನನಗೂ ನಿನ್ನ ಮೇಲೆ ಸಿಟ್ಟಿದೆ. ಕಡಿಮೆಯಾಗಲು ಸ್ವಲ್ಪ ದಿನ ಬೇಕು.

ಜಯಲಕ್ಷ್ಮಿ


ಸೌತ್ ಸಿ
9 ಜೂನ್ 1986

ಹೆಲನ್ ಬಾಯಿಯವರಿಗೆ ಕಮಲಾಕ್ಷಿಯ ನಮಸ್ಕಾರಗಳು.

ಇದೇ ಊರಿನಲ್ಲಿದ್ದುಕೊಂಡು ಕಾಗದ ಬರೆಯುತ್ತಾಳಲ್ಲ ಎಂದು ನಿಮಗೆ ಆಶ್ಚರ್ಯವಾದೀತು. ಎರಡು ಸಲ ನಿಮ್ಮ ನಂಬರ್ ತಿರುಗಿಸಿದೆ. ನೀವು ಹಲೋ ಎಂದ ಕೂಡಲೇ ಇಟ್ಟುಬಿಟ್ಟೆ.

ಮಾರ್ಚಿನಲ್ಲಿ ನೀವು ಮುಯೇನಿಯ ವಿಷಯ ಕೇಳಿದಾಗ ನಾನು ಹೇಳಿದ್ದು ಸುಳ್ಳು. ಆಗ ಅದು ಸುಳ್ಳೆಂದು ನನಗೆ ಗೊತ್ತಿರಲಿಲ್ಲ. ಆದರೆ ನಿಜವೆಂದೂ ಗೊತ್ತಿರಲಿಲ್ಲ. ಮೊಟ್ಟೆಗಳನ್ನು ತಿಂದದ್ದು ನನ್ನ ಕೋಳಿಗಳು. ಇಕ್ಕಟ್ಟಾದ ಗೂಡಿನಲ್ಲಿ ನಾನು ಅವನ್ನು ತುಂಬಿದ್ದರಿಂದ ಹಾಗಾಯಿತು. ಹನ್ನೊಂದು ವರ್ಷದಲ್ಲಿ ಅವಳು ನನ್ನ ಮನೆಯಿಂದ ಒಂದು ಸೂಜಿಯನ್ನೂ ತೆಗೆದವಳಲ್ಲ.

ನನ್ನ ಮಾತನ್ನು ನೀವು ಬೇರೆ ಯಾರಿಗಾದರೂ ಹೇಳಿದ್ದರೆ ದಯವಿಟ್ಟು ಈ ಕಾಗದವನ್ನೂ ಅವರಿಗೆ ತೋರಿಸಿ. ನನಗೆ ಮರ್ಯಾದೆ ಹೋಗುತ್ತದೆಂದು ಯೋಚಿಸಬೇಡಿ. ಅವಳು ಈಗ ಎಲ್ಲಿದ್ದಾಳೆಂದು ನಿಮಗೆ ತಿಳಿದಿದ್ದರೆ ಒಂದು ಸಾಲು ಬರೆಯಿರಿ.

ನಿಮ್ಮ
ಕಮಲಾಕ್ಷಿ


ಸೌತ್ ಸಿ
17 ಆಗಸ್ಟ್ 1986

ಜಯಕ್ಕ,

ಎರಡೂ ಆಯಿತು, ಆದ್ದರಿಂದ ಬರೆಯುತ್ತಿದ್ದೇನೆ.

ಹೆಲನ್ ಬಾಯಿ ಕಾಗದ ಬರೆಯಲಿಲ್ಲ, ತಾವೇ ಬಂದರು. ನಾನು ಹೇಳಿದ್ದನ್ನು ಅವರು ಲಂಗಾಟಾದಲ್ಲಿ ಇನ್ನೂ ಇಬ್ಬರಿಗೆ ಹೇಳಿದ್ದರಂತೆ. ಮುಯೇನಿ ಆ ಎರಡು ಮನೆಗಳಿಗೂ ಕೆಲಸ ಕೇಳಿ ಹೋಗಿದ್ದಳಂತೆ. ಎಲ್ಲಿಗೆ ಹೋದಳೋ ತಿಳಿಯದು ಎಂದರು. ಚಹಾ ಕುಡಿಯದೆ ಎದ್ದರು.

ಅವಳ ವಿಳಾಸ ಇದ್ದದ್ದು ನನ್ನ ಮನೆಯಲ್ಲೇ. ಪ್ರಮೀಳಾ ಮತ್ತು ಮುತಿಂದಿ ಮಾರ್ಚಿನಿಂದ ಒಬ್ಬರಿಗೊಬ್ಬರು ಕಾಗದ ಬರೆಯುತ್ತಿದ್ದರು. ನಾನು ಹೋಗಿ ಮಗಳ ಎದುರು ನಿಂತು ವಿಳಾಸ ಕೇಳಿದೆ. ಯಾಕೆ ಎಂದಳು. ಎಲ್ಲವನ್ನೂ ಹೇಳಿದೆ. ಅವಳು ವಿಳಾಸ ಬರೆದುಕೊಟ್ಟು, ರಜೆ ಬಂದ ಕೂಡಲೇ ತಾನೂ ಬರುತ್ತೇನೆಂದು ಇಂಗ್ಲಿಷಿನಲ್ಲಿ ಹೇಳಿದಳು.

ಹೋದ ಶನಿವಾರ ಹೋದೆವು. ಇವರು ಕಾರಿನಲ್ಲಿ ಬಿಡುತ್ತೇನೆಂದರು, ಅವಳ ಅಂಗಳದಲ್ಲಿ ಕಾರಿನಿಂದ ಇಳಿಯಲು ನನಗೆ ಮನಸ್ಸಾಗಲಿಲ್ಲ. ಜನ ತುಂಬಿದ ಮಟಾಟು ವ್ಯಾನು ಹತ್ತಿದೆವು. ಮಚಾಕೋಸ್ ದಾಟಿ ಇಳಿದು ಒಂದು ಗಂಟೆ ನಡೆದೆವು. ಗುಡ್ಡದ ಓರೆಯಲ್ಲಿ ಇಟ್ಟಿಗೆಯ ಮನೆ. ಮುಯೇನಿ ಅಂಗಳದಲ್ಲಿ ಕಾಳು ಬಡಿಯುತ್ತಿದ್ದಳು. ತೆಳ್ಳಗಾಗಿದ್ದಾಳೆ. ಪ್ರಮೀಳಾ ಓಡಿ ಹೋಗಿ ತಬ್ಬಿಕೊಂಡಳು. ಮುಯೇನಿ ಅವಳ ತಲೆ ಸವರುತ್ತಲೇ ನನ್ನ ಕಡೆ ನೋಡಿ, ಕರಿಬು ಎಂದಳು, ಒಳಗೆ ಬನ್ನಿ ಎಂದು. ಕುರ್ಚಿ ತಂದು ಹಾಕಿದಳು. ಹನ್ನೊಂದು ವರ್ಷ ನನ್ನ ಮನೆಯಲ್ಲಿ ಅವಳು ಕುರ್ಚಿಯಲ್ಲಿ ಕೂತದ್ದು ನನಗೆ ನೆನಪಿಲ್ಲ.

ನನ್ನ ಅಡುಗೆಮನೆಯ ಸ್ವಾಹಿಲಿಯಲ್ಲಿ ಹೇಳಿದೆ. ಮೊಟ್ಟೆ ತಿಂದದ್ದು ಕೋಳಿಗಳು. ನೀನು ಮನೆ ಚಿಕ್ಕದು ಎಂದದ್ದು ನನಗೆ ಅರ್ಥವಾಗಲಿಲ್ಲ. ಹೆಲನ್ ಬಾಯಿಗೆ ಸುಳ್ಳು ಹೇಳಿದೆ, ಈಗ ಸರಿಪಡಿಸಿದ್ದೇನೆ. ಸಮಹಾನಿ, ಕ್ಷಮಿಸು ಎಂದೆ. ಅವಳು ಮೊರದಲ್ಲಿದ್ದ ಕಾಳನ್ನು ಆರಿಸುತ್ತಲೇ ಕೇಳಿದಳು. ಕೊನೆಗೆ ಹೇಳಿದ್ದು ಇಷ್ಟೇ:

“ನನಗೆ ಹೇಳಬೇಕಾಗಿಲ್ಲ, ಮಾಮಾ ಪ್ರಮೀಳಾ. ನಾನು ಕದ್ದಿಲ್ಲ ಅಂತ ನನಗೆ ಗೊತ್ತು. ಮುತಿಂದಿಗೆ ಹೇಳು. ಅವತ್ತು ದಾರಿಯಲ್ಲಿ ಅವಳು ನನ್ನ ಕೇಳಿದಳು, ನಿಜವಾ ಅಂತ. ನಾನು ಕೊಟ್ಟ ಮೊಟ್ಟೆ ತಿಂದಿದ್ದಳಲ್ಲ.”

ಮುತಿಂದಿ ಮನೆಯ ಹಿಂದೆ ಇದ್ದಳು. ನೈರೋಬಿಯ ಶಾಲೆ ಬಿಟ್ಟವಳಿಗೆ ಹತ್ತಿರದ ಶಾಲೆಯಲ್ಲಿ ಈ ವರ್ಷ ಜಾಗ ಸಿಗಲಿಲ್ಲವಂತೆ, ಜನವರಿಯಲ್ಲಿ ಮತ್ತೆ ಮೊದಲಿನಿಂದ ಸೇರಬೇಕು. ಅವಳೊಡನೆ ಇಂಗ್ಲಿಷಿನಲ್ಲಿ ಮಾತಾಡಿದೆ. ನಿನ್ನ ಅಮ್ಮ ಏನನ್ನೂ ಕದ್ದಿಲ್ಲ, ನೀನು ತಿಂದದ್ದು ಒಡೆದ ಮೊಟ್ಟೆ, ಅದನ್ನು ತೆಗೆದುಕೊಳ್ಳಲು ಹೇಳಿದವಳು ನಾನು, ತಪ್ಪು ಪೂರ್ತಿ ನನ್ನದು ಎಂದೆ. ಆ ಹುಡುಗಿ ತಲೆ ತಗ್ಗಿಸಲಿಲ್ಲ. ಮೊದಲೇ ಯಾಕೆ ಗೂಡಿನೊಳಗೆ ನೋಡಲಿಲ್ಲ ಎಂದು ಕೇಳಿದಳು.

ಅದಕ್ಕೆ ನನ್ನಲ್ಲಿ ಇದ್ದದ್ದು ಒಂದೇ ಉತ್ತರ, ಅದನ್ನೇ ಹೇಳಿದೆ. ಆ ಗೂಡಿಗೆ ನಾನು ಎಂದೂ ಬಗ್ಗಿದವಳಲ್ಲ. ಅದು ನಿನ್ನ ಅಮ್ಮನ ಕೆಲಸವಾಗಿತ್ತು.

“ಹಾಗಾದರೆ ಅಮ್ಮನಿಗೆ ಗೊತ್ತಿತ್ತು,” ಎಂದಳು. “ನೀವು ಅವಳನ್ನು ಮೊಟ್ಟೆ ಎಲ್ಲಿಟ್ಟೆ ಅಂತ ಕೇಳಿದಿರಿ. ನಾನು ಅಲ್ಲೇ ಇದ್ದೆ. ಮೊಟ್ಟೆ ಏನಾಯಿತು ಅಂತ ಕೇಳಲಿಲ್ಲ.”

ಹೌದು, ಕೇಳಲಿಲ್ಲ ಎಂದೆ. ಅವಳು ಒಳಗೆ ಹೋದಳು.

ವಾಪಸ್ಸು ಬರುತ್ತೀಯಾ ಎಂದು ನಾನು ಮುಯೇನಿಯನ್ನು ಕೇಳಲಿಲ್ಲ. ಅವಳೂ ಆ ಮಾತು ಎತ್ತಲಿಲ್ಲ. ರಸ್ತೆಯವರೆಗೆ ನಮ್ಮ ಜೊತೆ ನಡೆದು ಬಂದಳು. ಪ್ರಮೀಳಾ ಅವಳ ಕೈ ಹಿಡಿದು ಮುಂದೆ, ನಾನು ಹಿಂದೆ. ಮಟಾಟು ಬಂದಾಗ ಅವಳೇ ಕೈ ತೋರಿಸಿ ನಿಲ್ಲಿಸಿ, ಇವರಿಬ್ಬರನ್ನು ಸೌತ್ ಸಿ ಹತ್ತಿರ ಇಳಿಸು, ಮರೆಯಬೇಡ ಎಂದು ಕಂಡಕ್ಟರನಿಗೆ ಎರಡು ಸಲ ಹೇಳಿದಳು. ನಮ್ಮ ಹಿಂದೆ ಬಾಗಿಲು ಎಳೆದದ್ದೂ ಅವಳೇ. ದಾರಿಯುದ್ದಕ್ಕೂ ಪ್ರಮೀಳಾ ಕಿಟಕಿಯ ಕಡೆ ತಿರುಗಿ ಕೂತಿದ್ದಳು.

ಸಿಟ್ಟು ಕಡಿಮೆಯಾಗಿದ್ದರೆ ಬರೆ. ಆಗಿರದಿದ್ದರೂ ಬರೆ.

ನಿನ್ನ ತಂಗಿ
ಕಮಲಾ